ಡೌನ್ ಜಾಕೆಟ್ಟನ್ನು ಮನೆಯಲ್ಲೇ ಒಗೆದು ಒಣಗಿಸುವ ಬಗೆ

ಹಿಮಾಲಯದ ಚಾರಣ ಮುಗಿಸಿ ಬಳ್ಳಾರಿಗೆ ಮರಳಿದವರ ಡೌನ್ ಜಾಕೆಟ್ ಇಲ್ಲಿ ವರ್ಷವಿಡೀ ಬೀರುವಿನಲ್ಲೇ ಇರುತ್ತದೆ. ಬೆವರಿನ ಜಿಡ್ಡು ತೆಗೆಯದೆ ಮಡಚಿಟ್ಟರೆ ಒಳಗೆ ತುಂಬಿರುವ ಬಾತುಕೋಳಿಯ ನವಿರು ಪುಕ್ಕ (ಡೌನ್ ಎಂದರೆ ಇದೇ) ಅಂಟಿಕೊಂಡು, ಬೆಚ್ಚಗಿಡುವ ಗುಣವನ್ನು ಕಳೆದುಕೊಳ್ಳುತ್ತದೆ.

ಜಿಪ್ ಹಾಕಿ, 30 ಡಿಗ್ರಿ ಮೀರದ ನೀರಿಗೆ ಡೌನ್ ಬಟ್ಟೆಗೆಂದೇ ಸಿಗುವ ದ್ರವ ಸೋಪನ್ನು ಬೆರೆಸಿ, ಜಾಕೆಟ್ಟನ್ನು ಅದುಮಿ ಅದುಮಿ ತೊಳೆಯಬೇಕು. ಬ್ಲೀಚ್ ಸಲ್ಲದು. ಕೊಳವೆಬಾವಿಯ ಗಡಸು ನೀರಿನಲ್ಲಿ ಸೋಪು ಬೇಗ ಬಿಡುವುದಿಲ್ಲವಾದ್ದರಿಂದ, ನೊರೆ ಪೂರ್ತಿ ಹೋಗುವವರೆಗೆ ನಲ್ಲಿ ನೀರಿನಲ್ಲೇ ಜಾಲಿಸುವುದು ಲೇಸು. ಒದ್ದೆ ಜಾಕೆಟ್ಟನ್ನು ಹಿಂಡಬಾರದು. ತೋಳು ಹಿಡಿದು ಎತ್ತಿದರೆ ನೀರಿನ ಭಾರಕ್ಕೆ ಒಳಹೊಲಿಗೆ ಹರಿಯುತ್ತದೆ, ಆದ್ದರಿಂದ ಕೂಸನ್ನು ಎತ್ತುವಂತೆ ಎರಡೂ ಕೈಗಳಿಂದ ಎತ್ತಿ, ಟವೆಲ್ಲಿನ ಮೇಲೆ ಹಾಸಿ ಒತ್ತಬೇಕು.

ಒಣಗಿಸುವುದೇ ನಿಜವಾದ ಕೆಲಸ. ನಮ್ಮೂರ ಬಿಸಿಲಿಗೆ ನೈಲಾನಿನ ಬಣ್ಣ ಉಳಿಯದು. ಹಪ್ಪಳದಂತೆ ಮಾಳಿಗೆಯ ಮೇಲೆ ಹಾಕದೆ, ಗಾಳಿಯಾಡುವ ನೆರಳಿನಲ್ಲಿ ಹೊರಸಿನ ಮೇಲೆ ಹರಡಿ, ಆಗಾಗ ತಿರುವಿ, ಬೆರಳಿಗೆ ಸಿಕ್ಕುವ ಪುಕ್ಕದ ಗಂಟುಗಳನ್ನು ಮೆಲ್ಲಗೆ ಬಿಡಿಸುತ್ತಿರಬೇಕು. ಮೇಲೆ ಒಣಗಿದಂತಿದ್ದರೂ, ಬೆಳಕಿಗೆ ಹಿಡಿದಾಗ ಕಪ್ಪು ಉಂಡೆಗಳು ಕಂಡರೆ ಒಳಗೆ ತೇವವಿದೆಯೆಂದೇ ಅರ್ಥ; ಇನ್ನೊಂದು ದಿನ ಹಾಗೆಯೇ ಬಿಡಬೇಕು.