‘ಮನ್ಯಾಗ’ ಎಂಬ ರೂಪಕ್ಕೆ ನಿಯಮ ಬರೆದದ್ದು

ಕೊಪ್ಪಳ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಬಿಸಿಎ ವಿದ್ಯಾರ್ಥಿಗಳಿಗೆ ನಾನು ಹಲವು ವರ್ಷಗಳಿಂದ ಔಪಚಾರಿಕ ಭಾಷೆಗಳ ಸಿದ್ಧಾಂತವನ್ನು ಪಾಠ ಮಾಡುತ್ತಿದ್ದೇನೆ. ಒಂದು ಪ್ರೋಗ್ರಾಮಿನಲ್ಲಿ ಬರೆದ ಸಾಲು ಸರಿಯೋ ತಪ್ಪೋ ಎಂಬುದನ್ನು ಕಂಪೈಲರ್ (ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ) ಯಾವ ವ್ಯಾಕರಣವನ್ನು ಹಿಡಿದು ತೀರ್ಮಾನಿಸುತ್ತದೆ, ಆ ವ್ಯಾಕರಣವನ್ನು ಬರೆಯುವ ಬಗೆ ಯಾವುದು ಎಂಬುದೇ ಈ ವಿಷಯದ ತಿರುಳು. ಆರಂಭದ ವರ್ಷಗಳಲ್ಲಿ ಪಠ್ಯಪುಸ್ತಕದಲ್ಲಿದ್ದಂತೆ ಎ ಮತ್ತು ಬಿ ಅಕ್ಷರಗಳ ಸರಗಳನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ವಿದ್ಯಾರ್ಥಿಗಳು ಅವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮರುದಿನ ಮರೆಯುತ್ತಿದ್ದರು. ಅವರಲ್ಲಿ ಹೆಚ್ಚಿನವರು ಹಳ್ಳಿಗಳ ಕನ್ನಡ ಶಾಲೆಗಳಿಂದ ಬಂದವರು. ಅವರ ನಾಲಗೆಯ ಮೇಲಿರುವ ಭಾಷೆಯನ್ನು ಬಿಟ್ಟು ಬೇರೆಲ್ಲಿಂದಲೋ ಉದಾಹರಣೆಗಳನ್ನು ತರುತ್ತಿದ್ದೇನೆ ಎಂಬುದು ನನಗೆ ಹೊಳೆಯಲು ಬಹಳ ಕಾಲ ಬೇಕಾಯಿತು.

ಒಂದು ದಿನ ಬೋರ್ಡಿನ ಮೇಲೆ ‘ಗಿರಿಜೆ, ಬಸವ ನಾನು ಬರುತ್ತೇನೆ ಎಂದನು ಎಂದಳು’ ಎಂದು ಬರೆದು, ಯಾವ ಕ್ರಿಯಾಪದ ಯಾರಿಗೆ ಸೇರಿದ್ದು ಎಂದು ಕೇಳಿದೆ. ಒಬ್ಬ ವಿದ್ಯಾರ್ಥಿ ಎದ್ದು ಬಂದು ಚಾಕ್‌ಪೀಸಿನಿಂದ ಕಮಾನುಗಳನ್ನು ಎಳೆದ: ‘ನಾನು’ವಿನಿಂದ ‘ಬರುತ್ತೇನೆ’ಗೆ ಒಳಗಿನ ಚಿಕ್ಕ ಕಮಾನು, ಅದರ ಮೇಲೆ ‘ಬಸವ’ನಿಂದ ‘ಎಂದನು’ವಿಗೆ, ಎಲ್ಲಕ್ಕೂ ಹೊರಗೆ ‘ಗಿರಿಜೆ’ಯಿಂದ ‘ಎಂದಳು’ವಿಗೆ. ಮೂರು ಕಮಾನುಗಳಲ್ಲಿ ಒಂದೂ ಇನ್ನೊಂದನ್ನು ಕತ್ತರಿಸಲಿಲ್ಲ. ಪ್ರೋಗ್ರಾಮಿನಲ್ಲಿ ತೆರೆದ ಆವರಣಗಳನ್ನು ಹಿಂದುಮುಂದಾಗಿ ಮುಚ್ಚುತ್ತ ಬರುವುದೂ ಹೀಗೆಯೇ. ‘ವಾಕ್ಯ ಎಂದರೆ ಕರ್ತೃ ಮತ್ತು ಕ್ರಿಯೆ, ಇಲ್ಲವೇ ಕರ್ತೃ, ಅದರ ಬಳಿಕ ಇನ್ನೊಂದು ವಾಕ್ಯ, ಕೊನೆಗೆ ಎನ್ನು ಎಂಬ ಕ್ರಿಯೆ’ ಎಂದು ನಿಯಮವನ್ನು ಬರೆದಾಗ, ವಾಕ್ಯದ ವಿವರಣೆಯೊಳಗೇ ವಾಕ್ಯ ಬಂದಿರುವುದನ್ನು ಇಡೀ ತರಗತಿ ಗಮನಿಸಿತು. ಸೀಮಿತ ಸ್ಥಿತಿಗಳ ಯಂತ್ರಕ್ಕೆ, ಅಂದರೆ ಎಣಿಸಿದಷ್ಟೇ ಸ್ಥಿತಿಗಳ ನಡುವೆ ಓಡಾಡುವ ಸರಳ ಗಣಕ ಮಾದರಿಗೆ, ಎಷ್ಟು ಆವರಣಗಳು ತೆರೆದಿವೆ ಎಂಬ ನೆನಪನ್ನು ಮಿತಿಯಿಲ್ಲದೆ ಇಟ್ಟುಕೊಳ್ಳುವ ಶಕ್ತಿಯಿಲ್ಲ. ಇಂಥ ನಿಯಮಗಳುಳ್ಳ ಕಾಂಟೆಕ್ಸ್ಟ್ ಫ್ರೀ ವ್ಯಾಕರಣಕ್ಕೆ ಅದು ಇದೆ. ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ 1956ರ ಲೇಖನದಲ್ಲಿ ಗುರುತಿಸಿದ ಈ ವ್ಯತ್ಯಾಸವನ್ನು ನಾನು ಹಿಂದೆ ಎರಡು ವಾರ ಹೇಳಿದರೂ ತಲುಪಿಸಲು ಆಗಿರಲಿಲ್ಲ. ಆ ದಿನ ಮೂರು ಕಮಾನುಗಳು ಅದನ್ನು ಮಾಡಿದವು. ಮೂರನ್ನು ದಾಟಿ ನಾಲ್ಕನೆಯ ಮಾತುಗಾರನನ್ನು ಸೇರಿಸಿದರೆ ಯಾರಿಗೂ ಅರ್ಥವಾಗುವುದಿಲ್ಲ ಎಂಬುದನ್ನೂ ಅವರೇ ಕಂಡುಕೊಂಡರು. ನಿಯಮಕ್ಕೆ ಮಿತಿಯಿಲ್ಲ, ಕೇಳುವವರ ನೆನಪಿಗೆ ಇದೆ.

ಅಸ್ಪಷ್ಟತೆಯ ಪಾಠವೂ ಹೀಗೆಯೇ ಹಗುರವಾಯಿತು. ‘ಹಳೆಯ ಶಾಲೆಯ ಕಟ್ಟಡ’ ಎಂದರೆ ಹಳೆಯದು ಶಾಲೆಯೋ ಕಟ್ಟಡವೋ? ಪ್ರೋಗ್ರಾಮಿನಲ್ಲಿ ಒಂದರೊಳಗೊಂದು ಎರಡು ‘ಇಫ್’ (ಹೀಗಿದ್ದರೆ) ಇದ್ದು ‘ಎಲ್ಸ್’ (ಇಲ್ಲದಿದ್ದರೆ) ಒಂದೇ ಇದ್ದರೆ ಅದು ಯಾವ ‘ಇಫ್’ಗೆ ಸೇರಬೇಕು ಎಂಬ ತೊಡಕೂ ಇದೇ ಜಾತಿಯದು. ಸಿ ಭಾಷೆಯಲ್ಲಿ ಹತ್ತಿರದ ‘ಇಫ್’ಗೆ ಸೇರುತ್ತದೆ ಎಂದು ಭಾಷೆಯನ್ನು ರೂಪಿಸಿದವರು ನಿಯಮ ಮಾಡಿ ಮುಗಿಸಿದರು. ಶಾಲೆಯ ಕಟ್ಟಡದ ವಿಷಯದಲ್ಲಿ ಹಾಗೆ ಆಜ್ಞೆ ಹೊರಡಿಸುವವರು ಯಾರೂ ಇಲ್ಲ; ಆ ಊರನ್ನು ಬಲ್ಲವರಿಗೆ ಅರ್ಥ ತಾನಾಗಿಯೇ ತಿಳಿಯುತ್ತದೆ.

ಇದರಿಂದ ಹುರುಪುಗೊಂಡು ಒಂದು ಬೇಸಿಗೆ ರಜೆಯಲ್ಲಿ, ಕನ್ನಡದ ಯಾವುದೇ ನಾಮಪದವನ್ನು ಕೊಟ್ಟರೆ ಅದರ ವಿಭಕ್ತಿ ರೂಪಗಳನ್ನೆಲ್ಲ ಕಟ್ಟಿಕೊಡುವ ಪ್ರೋಗ್ರಾಮನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯಲು ಕುಳಿತೆ. ಸಂಧಿಯ ನಿಯಮಗಳು ಹೈಸ್ಕೂಲಿನ ವ್ಯಾಕರಣದಲ್ಲಿಯೇ ಇವೆಯಲ್ಲ, ಲೋಪ, ಆಗಮ, ಆದೇಶ ಎಂದು ಮೂರೇ ಬಗೆ, ಒಂದು ವಾರದ ಕೆಲಸ ಎಂದುಕೊಂಡಿದ್ದೆ. ಮೊದಲ ತೊಡಕು ಲಿಪಿಯಲ್ಲಿಯೇ ಎದುರಾಯಿತು. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡಿನಲ್ಲಿ ‘ರ’ ಎಂಬುದು ಒಂದೇ ಸಂಕೇತ. ಅದರೊಳಗಿನ ಅಕಾರ ಕಾಣುವುದಿಲ್ಲ, ಉಕಾರವೋ ಅಕ್ಷರಕ್ಕೆ ಅಂಟಿಕೊಂಡ ಚಿಹ್ನೆ. ‘ಊರು’ ಪದಕ್ಕೆ ‘ಅನ್ನು’ ಸೇರಿಸುವಾಗ ಉಕಾರ ಲೋಪವಾಗಿ ರ್ ಮತ್ತು ಅ ಕೂಡಬೇಕು. ಅಕ್ಷರಗಳನ್ನು ಹಾಗೆಯೇ ಕತ್ತರಿಸಿ ಅಂಟಿಸಲು ಹೋಗಿ ಎರಡು ದಿನ ವ್ಯರ್ಥವಾದ ಮೇಲೆ, ಪ್ರೌಢಶಾಲೆಯಲ್ಲಿ ಮಾಡಿಸುತ್ತಿದ್ದ ವರ್ಣವಿಭಜನೆಗೆ ಮರಳಿದೆ: ಊ, ರ್, ಉ. ಮೊದಲು ಪದವನ್ನು ವರ್ಣಗಳಾಗಿ ಬಿಡಿಸುವುದು, ನಿಯಮಗಳನ್ನು ಅವುಗಳ ಮೇಲೆ ಪ್ರಯೋಗಿಸುವುದು, ಕೊನೆಗೆ ಮತ್ತೆ ಅಕ್ಷರಗಳಾಗಿ ಕೂಡಿಸುವುದು. ಕನ್ನಡದ ಸಂಧಿ ನಡೆಯುವುದು ವರ್ಣಗಳ ನಡುವೆ ಎಂಬುದು ಅಷ್ಟು ವರ್ಷ ನನಗೆ ಬರಿಯ ಪರೀಕ್ಷೆಯ ಉತ್ತರವಾಗಿತ್ತು.

ಎರಡನೆಯ ತೊಡಕು ಇನ್ನೂ ದೊಡ್ಡದು. ಉಕಾರಾಂತ ಪದಕ್ಕೆ ಸ್ವರ ಪರವಾದರೆ ಉಕಾರ ಲೋಪ ಎಂದು ನಿಯಮ ಬರೆದೆ. ಊರನ್ನು, ಕಾಡನ್ನು, ಹಣ್ಣನ್ನು, ಬಾಗಿಲನ್ನು ಎಲ್ಲವೂ ಸರಿಯಾಗಿ ಬಂದವು. ಪಟ್ಟಿಯಲ್ಲಿ ಮುಂದಿನದು ‘ಗುರನ್ನು’. ಅದರ ಕೆಳಗೆ ‘ಮಗನ್ನು’, ‘ಕರನ್ನು’. ಲೋಪವನ್ನು ತೆಗೆದು ವಕಾರಾಗಮ ಇಟ್ಟರೆ ಗುರುವನ್ನು, ಮಗುವನ್ನು ಸರಿಹೋಗಿ, ‘ರಾಯಚೂರುವನ್ನು’ ಎಂದು ಬಂತು. ರಜೆ ಮುಗಿದ ಮೇಲೆ ಆ ಪಟ್ಟಿಯನ್ನು ತರಗತಿಗೇ ಒಯ್ದೆ. ಮನೆಯಲ್ಲಿ ದನಕರು ಸಾಕಿದ ಹುಡುಗನೊಬ್ಬ, ‘ಕರನ್ನು ಅಂತ ಯಾರೂ ಅನ್ನಂಗಿಲ್ರಿ ಸರ್’ ಎಂದ. ಯಾಕೆ ಅನ್ನುವುದಿಲ್ಲ ಎಂದು ಕೇಳಿದರೆ ಅವನಲ್ಲಿ ಉತ್ತರವಿರಲಿಲ್ಲ, ನನ್ನಲ್ಲಿಯೂ ಇರಲಿಲ್ಲ. ಬೋರ್ಡಿನ ಎಡಕ್ಕೆ ಲೋಪವಾಗುವ ಪದಗಳನ್ನು, ಬಲಕ್ಕೆ ವಕಾರ ಬರುವವನ್ನು ಎಲ್ಲರೂ ಸೇರಿ ಬರೆಯುತ್ತ ಹೋದೆವು. ಬಲಗಡೆ ಮಗು, ಗುರು, ಕರು, ಹಸು, ಪಶು, ಮಡು. ಎಡಗಡೆ ಊರು, ಕಾಡು, ಹಣ್ಣು, ಕಡಲು, ಹಗಲು, ಬಾಗಿಲು. ಕನ್ನಡ ಐಚ್ಛಿಕವಾಗಿ ಓದಿದ್ದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, ಬಲಗಡೆಯ ಪದಗಳೆಲ್ಲ ಎರಡೇ ಲಘುಗಳಿರುವ ಪದಗಳು ಎಂದಳು. ಊರು ಎಂಬುದರಲ್ಲಿ ಮೊದಲನೆಯದು ಗುರು, ಹಣ್ಣು ಎಂಬುದರಲ್ಲಿ ಒತ್ತಕ್ಷರದ ಹಿಂದಿನದು ಗುರು, ಕಡಲು ಮೂರಕ್ಷರದ್ದು. ಛಂದಸ್ಸಿನ ಪ್ರಸ್ತಾರ ಹಾಕಿ ನೋಡಿದರೆ ಇಡೀ ಪಟ್ಟಿ ಎರಡಾಗಿ ಸೀಳುತ್ತಿತ್ತು. ಅಷ್ಟು ವರ್ಷಗಳ ಪಾಠದಲ್ಲಿ ನನಗೆ ಅಷ್ಟು ಸಂತೋಷವಾದ ಗಳಿಗೆ ಇನ್ನೊಂದಿಲ್ಲ.

ಆ ನಿಯಮಕ್ಕೂ ಅಂಚುಗಳಿದ್ದವು. ವಸ್ತು, ಜಂತು, ವಾಯು, ಸಾಧು ಎಂಬ ಸಂಸ್ಕೃತ ಪದಗಳು ಮೊದಲಕ್ಷರ ಗುರುವಾಗಿದ್ದರೂ ಉಕಾರವನ್ನು ಬಿಟ್ಟುಕೊಡುವುದಿಲ್ಲ. ಇಂಗ್ಲಿಷಿನಿಂದ ಬಂದ ಬಸ್ಸು, ಕಾರು ಮಾತ್ರ ಊರು, ಕಾಡುಗಳ ಸಾಲಿಗೇ ಸೇರಿವೆ. ಅದು, ಇದು ಎಂಬ ಸರ್ವನಾಮಗಳು ಎರಡು ಲಘುಗಳಾದರೂ ಅದನ್ನು, ಇದನ್ನು ಎಂದೇ ಆಗುತ್ತವೆ. ಕ್ರಿಯಾಪದಗಳಂತೂ ಇಡಲು, ಬಿಡಲು, ಕೊಡಲು ಎಂದು ಯಾವ ಸಂಕೋಚವೂ ಇಲ್ಲದೆ ಉಕಾರವನ್ನು ಕಳೆದುಕೊಳ್ಳುತ್ತವೆ. ಹಾಗಾಗಿ ಪ್ರೋಗ್ರಾಮಿನಲ್ಲಿ ವಿಶೇಷ ನಿಯಮಗಳನ್ನು ಮೇಲೆ, ಸಾಮಾನ್ಯ ನಿಯಮವನ್ನು ಕೆಳಗೆ ಇಟ್ಟು, ಮೇಲಿನದು ಅನ್ವಯಿಸದಿದ್ದರೆ ಮಾತ್ರ ಕೆಳಗಿನದಕ್ಕೆ ಇಳಿಯುವಂತೆ ಮಾಡಿದೆ. ಇದೇನೂ ನನ್ನ ಕಾಣ್ಕೆಯಲ್ಲ. ಉತ್ಸರ್ಗವನ್ನು (ಸಾಮಾನ್ಯ ನಿಯಮವನ್ನು) ಅಪವಾದವು (ವಿಶೇಷ ನಿಯಮವು) ಬಾಧಿಸುತ್ತದೆ ಎಂಬುದು ಪಾಣಿನೀಯ ಪರಂಪರೆಯ ಹಳೆಯ ಕ್ರಮ. ಕಂಪ್ಯೂಟರ್ ವಿಜ್ಞಾನಿ ಜಾನ್ ಬ್ಯಾಕಸ್ ರೂಪಿಸಿದ ಸಂಕೇತಕ್ರಮದಲ್ಲಿ ಆಲ್ಗಾಲ್ 60 ಎಂಬ ಪ್ರೋಗ್ರಾಮಿಂಗ್ ಭಾಷೆಯ ವ್ಯಾಕರಣವನ್ನು ಬರೆದ ಕೆಲವೇ ವರ್ಷಗಳಲ್ಲಿ, 1967ರಲ್ಲಿ ಇಂಗರ್‌ಮನ್ ಎಂಬವರು ಆ ಕ್ರಮಕ್ಕೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ಸೂಚಿಸಿದ್ದರು ಎಂಬುದನ್ನು ತರಗತಿಯಲ್ಲಿ ಹೇಳುವಾಗ ನಾನು ಈಗ ಈ ಊರು–ಗುರುಗಳ ಪಟ್ಟಿಯನ್ನೇ ಎದುರಿಗಿಡುತ್ತೇನೆ.

ಅಕಾರಾಂತ ಪದಗಳ ಚತುರ್ಥಿಯಲ್ಲಿ ವರ್ಣಗಳಷ್ಟೇ ಸಾಲುವುದಿಲ್ಲ. ಮರಕ್ಕೆ, ಕೊಪ್ಪಳಕ್ಕೆ, ದೇವದುರ್ಗಕ್ಕೆ; ಆದರೆ ರಾಮನಿಗೆ, ಅಣ್ಣನಿಗೆ. ಪದದ ಅಂತ್ಯ ಒಂದೇ, ಅರ್ಥ ಬೇರೆ. ಆಕಾಶಕ್ಕೆ ಎನ್ನುವ ನಾವು ಸೂರ್ಯನಿಗೆ, ಚಂದ್ರನಿಗೆ ಎನ್ನುತ್ತೇವೆ. ಪ್ರತಿ ಪದದ ಮುಂದೆ ಲಿಂಗವನ್ನು ಕೈಯಿಂದ ಬರೆಯದೆ ಬೇರೆ ದಾರಿ ಕಾಣಲಿಲ್ಲ.

ಈ ಹಂತದವರೆಗೂ ನಾನು ಕಟ್ಟುತ್ತಿದ್ದದ್ದು ಪುಸ್ತಕದ ಕನ್ನಡ. ಪ್ರೋಗ್ರಾಮು ‘ಮನೆಯಲ್ಲಿ’ ಎಂದು ತೋರಿಸಿದ ದಿನ ಒಬ್ಬ ವಿದ್ಯಾರ್ಥಿನಿ, ‘ನಾವು ಮನ್ಯಾಗ ಅಂತೀವ್ರಿ ಸರ್, ಅದು ಅಶುದ್ಧ, ಅದಕ್ಕ ನಿಯಮ ಇರಂಗಿಲ್ಲ’ ಎಂದಳು. ಶಾಲೆಯಲ್ಲಿ ಹಾಗೆ ಬರೆದದ್ದಕ್ಕೆ ಅವಳ ನೋಟ್‌ಬುಕ್ಕಿನ ಮೇಲೆ ಕೆಂಪು ಗೆರೆ ಬಿದ್ದಿತ್ತಂತೆ. ಅವಳು ಅದನ್ನು ದೂರಾಗಿ ಹೇಳಲಿಲ್ಲ, ಎಲ್ಲರೂ ಒಪ್ಪಿದ ಸಂಗತಿಯೆಂಬಂತೆ ಹೇಳಿದಳು. ಅದೇ ನನ್ನನ್ನು ಹೆಚ್ಚು ನೋಯಿಸಿತು. ಪಾಠವನ್ನು ಬದಿಗಿಟ್ಟು, ನೀವು ಮನೆಯಲ್ಲಿ ಆಡುವಂತೆಯೇ ಹೇಳಿರಿ ಎಂದು ಕೇಳಿದೆ. ಮನ್ಯಾಗ, ಕೆರ್ಯಾಗ, ಸಾಲ್ಯಾಗ, ಗಾಡ್ಯಾಗ, ಅಂಗಡ್ಯಾಗ, ಬುಟ್ಟ್ಯಾಗ. ಊರಾಗ. ಹೊಲದಾಗ, ಚೀಲದಾಗ. ಮೂವತ್ತಕ್ಕೂ ಹೆಚ್ಚು ಪದಗಳಲ್ಲಿ ತರಗತಿಯ ಯಾರೊಬ್ಬರೂ ತಡವರಿಸಲಿಲ್ಲ, ಒಬ್ಬರ ರೂಪ ಇನ್ನೊಬ್ಬರದಕ್ಕಿಂತ ಬೇರೆಯಾಗಲಿಲ್ಲ.

ನಿಯಮಗಳನ್ನು ಬರೆಯುವುದು ಕಷ್ಟವಾಗಲಿಲ್ಲ. ಪದದ ಕೊನೆಯ ಎಕಾರ ಈ ಭಾಗದ ಮಾತಿನಲ್ಲಿ ಇಕಾರವಾಗುತ್ತದೆ: ಮನೆ ಮನಿ, ಕೆರೆ ಕೆರಿ. ಆ ಇಕಾರಕ್ಕೆ, ಪುಸ್ತಕದ ‘ಅಲ್ಲಿ’ಯ ಬದಲು ಬರುವ ‘ಆಗ’ ಪ್ರತ್ಯಯ ಪರವಾದರೆ ಇಕಾರದ ಸ್ಥಾನದಲ್ಲಿ ಯಕಾರ ಬರುತ್ತದೆ. ಅತಿ ಮತ್ತು ಅಂತ ಸೇರಿ ‘ಅತ್ಯಂತ’ ಆಗುವ ಯಣ್ ಸಂಧಿಯಲ್ಲಿ ನಡೆಯುವುದೂ ಇದೇ. ಪುಸ್ತಕದ ‘ಮನೆಯಲ್ಲಿ’ ಆಗಮ ಸಂಧಿ, ಇವರ ‘ಮನ್ಯಾಗ’ ಆದೇಶ, ಎರಡೂ ನಿಯಮಬದ್ಧವೇ. ಎರಡು ನಿಯಮಗಳ ಕ್ರಮವೂ ಮುಖ್ಯ: ಎಕಾರ ಇಕಾರವಾಗುವುದು ಮೊದಲು ನಡೆಯದಿದ್ದರೆ ಎರಡನೆಯ ನಿಯಮಕ್ಕೆ ಕೆಲಸವೇ ಸಿಗುವುದಿಲ್ಲ. ಪ್ರೋಗ್ರಾಮಿನಲ್ಲಿ ಸಾಲುಗಳನ್ನು ಹಿಂದುಮುಂದು ಮಾಡಿ ಓಡಿಸಿದಾಗ ‘ಗಾಡ್ಯಾಗ’ ಸರಿಯಾಗಿ ಬಂದು ‘ಮನ್ಯಾಗ’ ಕೆಟ್ಟಿತು. ಊರಾಗ ಎಂಬುದಕ್ಕೆ ಹಳೆಯ ಲೋಪದ ನಿಯಮವೇ ಸಾಕಾಯಿತು, ಹೊಲದಾಗ ಎಂಬುದಕ್ಕೆ ಹೊಲದಲ್ಲಿ ಎಂಬುದರ ದಕಾರವೇ.

ಪೈಥಾನಿನಲ್ಲಿ ಒಂದು ಕೋಲನ್ ಬಿಟ್ಟರೆ ಆ ಸಾಲು ಪೈಥಾನೇ ಅಲ್ಲ, ಏಕೆಂದರೆ ಆ ಭಾಷೆಯಲ್ಲಿ ಮೊದಲು ಹುಟ್ಟಿದ್ದು ನಿಯಮ. ಕನ್ನಡದಲ್ಲಿ ಮೊದಲು ಹುಟ್ಟಿದ್ದು ಮಾತು. ಕೇಶಿರಾಜನು 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ಬರೆಯುವಾಗ ತನ್ನ ಸೂತ್ರಗಳಿಗೆ ಹಿಂದಿನ ಕವಿಗಳ ಪ್ರಯೋಗಗಳನ್ನು ತಂದು ನಿಲ್ಲಿಸಿದ. ನಮ್ಮ ತರಗತಿಗೆ ಪ್ರಯೋಗಗಳು ಆ ಮೂವತ್ತು ಪದಗಳು. 9ನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡೆಂದು ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆಗೆ ಕೊಪಣವನ್ನು, ಅಂದರೆ ಇದೇ ಕೊಪ್ಪಳವನ್ನು ಹೆಸರಿಸಿದೆ ಎಂದು ಹೇಳಿದಾಗ ಆ ವಿದ್ಯಾರ್ಥಿನಿ ಅದನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಪುಸ್ತಕದ ಕನ್ನಡವನ್ನು ಅವಳು ಚೆನ್ನಾಗಿ ಕಲಿಯಲೇಬೇಕು, ಅರ್ಜಿ ಬರೆಯಲು, ಕೆಲಸಕ್ಕೆ ಸೇರಲು ಅದು ಬೇಕು; ಆದರೆ ಅದನ್ನು ಕಲಿಯಲು ತನ್ನ ತಾಯಿಯ ಮಾತು ನಿಯಮವಿಲ್ಲದ್ದು ಎಂದು ಒಪ್ಪಿಕೊಳ್ಳಬೇಕಾಗಿಲ್ಲ.

ಈ ವರ್ಷ ಕ್ರಿಯಾಪದಗಳಿಗೆ ಕೈ ಹಾಕಿದ್ದೇವೆ. ‘ಮಾಡಾಕತ್ತೀನಿ’ ಎಂಬುದರಲ್ಲಿ ‘ಹತ್ತು’ ಎಂಬ ಧಾತು ಹಕಾರವನ್ನು ಕಳೆದುಕೊಂಡು ಅಡಗಿದೆ ಎಂಬಲ್ಲಿಯವರೆಗೆ ಬಂದಿದ್ದೇವೆ. ‘ಹತ್ತಿ’ಗೆ ‘ಆನ’ ಸೇರಿದರೆ ನಮ್ಮ ಯಕಾರದ ನಿಯಮದಂತೆ ‘ಬರಾಕತ್ಯಾನ’ ಎಂದಾಗಬೇಕು. ತರಗತಿಯಲ್ಲಿ ಕೆಲವರು ಹಾಗೆಯೇ ಅನ್ನುತ್ತಾರೆ, ಉಳಿದವರು ‘ಬರಾಕತ್ತಾನ’ ಅನ್ನುತ್ತಾರೆ. ‘ಮಳಿ ಬರಾಕತ್ತೈತಿ’ ಎಂಬಲ್ಲಿ ಮಾತ್ರ ಎಲ್ಲರೂ ಇಕಾರವನ್ನು ಬಿಡುತ್ತಾರೆ, ಯಕಾರವನ್ನು ಯಾರೂ ತರುವುದಿಲ್ಲ. ಯಾರು ಯಾವ ಊರಿನವರು, ಯಾವ ರೂಪವನ್ನು ಆಡುತ್ತಾರೆ ಎಂಬುದನ್ನು ವಿದ್ಯಾರ್ಥಿಗಳು ತಮ್ಮ ಮನೆಗಳಲ್ಲಿ ಕೇಳಿ ಬರೆದು ತರುತ್ತಿದ್ದಾರೆ. ಆ ಹಾಳೆಗಳು ಪೂರ್ತಿ ಬರುವವರೆಗೆ ಪ್ರೋಗ್ರಾಮಿನಲ್ಲಿ ಎರಡೂ ರೂಪಗಳನ್ನು ಸರಿಯೆಂದೇ ಇಟ್ಟಿದ್ದೇನೆ.