ಆರ್‌ವಿ ಬೀಡು ಕೀಳುವ ದಿನ: ಯಾವುದು ಮೊದಲು, ಯಾವುದು ಆಮೇಲೆ

ಅಮೆರಿಕದಲ್ಲಿ ನಿವೃತ್ತಿಯ ಮೇಲೆ ಪಿಕಪ್ ಟ್ರಕ್ಕಿಗೆ ಆರ್‌ವಿಯನ್ನು, ಅಂದರೆ ಅಡುಗೆಮನೆ, ಟಾಯ್ಲೆಟ್ ಎಲ್ಲ ಇರುವ ಮನೆಯಂಥ ಟ್ರೇಲರನ್ನು, ಕಟ್ಟಿಕೊಂಡು ಊರೂರು ಸುತ್ತುವ ದಂಪತಿಗೆ ಕಷ್ಟದ ದಿನ ಎಂದರೆ ಒಂದು ಕ್ಯಾಂಪ್‌ಗ್ರೌಂಡ್ ಬಿಟ್ಟು ಇನ್ನೊಂದಕ್ಕೆ ಹೋಗುವ ದಿನ. ಮುರಿಯುವುದು, ಚೆಲ್ಲುವುದು, ಗಂಡ-ಹೆಂಡತಿ ಮುಖ ಊದಿಸಿಕೊಳ್ಳುವುದು ಎಲ್ಲ ಅಂದೇ. ಕೆಲಸ ಗೊತ್ತಿಲ್ಲದೆ ಆಗುವ ಎಡವಟ್ಟು ಕಡಿಮೆ. ಗೊತ್ತಿರುವ ಕೆಲಸವನ್ನೇ ಹಿಂದುಮುಂದು ಮಾಡಿ ಆಗುವುದು ಹೆಚ್ಚು. ಹಾಗಾಗಿ ಕೆಲಸ ಹಂಚಿಕೊಳ್ಳಿ: ಒಳಗಿನದು ಒಬ್ಬರಿಗೆ, ಹೊರಗಿನದು ಇನ್ನೊಬ್ಬರಿಗೆ. ಟ್ರಕ್ಕಿಗೆ ಟ್ರೇಲರಿನ ಕೊಂಡಿ ಹಾಕುತ್ತಿರುವವರನ್ನು ನಡುವೆ ಮಾತಾಡಿಸಬೇಡಿ. ಅರ್ಧಕ್ಕೆ ಎದ್ದು ಬಂದವರು ಪಿನ್ ಹಾಕುವುದನ್ನೇ ಮರೆಯುತ್ತಾರೆ.

ಹಿಂದಿನ ರಾತ್ರಿ

ಹೆಚ್ಚಿನ ಕಡೆ ಬೆಳಿಗ್ಗೆ 11ರ ಹೊತ್ತಿಗೆ ಜಾಗ ಬಿಡಬೇಕು, ಮುಂದಿನ ಕಡೆ ಒಳಗೆ ಬಿಡುವುದು ಮಧ್ಯಾಹ್ನ 1 ಅಥವಾ 3ರ ನಂತರ. ನಡುವೆ 200 ಮೈಲಿ ಇಟ್ಟುಕೊಂಡರೆ ಹಾಯಾಗಿ ಹೋಗಬಹುದು. ಮ್ಯಾಪಿನಲ್ಲಿ ಮೂರೂವರೆ ಗಂಟೆ ಎಂದು ತೋರಿಸಿದರೆ ಐದು ಗಂಟೆ ಎಂದೇ ಲೆಕ್ಕ ಹಾಕಿ.

ದಾರಿಯ ಎತ್ತರ ನೋಡುವುದು ಈಗಲೇ. ಚಾವಣಿಯ ಮೇಲಿನ ಏಸಿಯನ್ನೂ ಸೇರಿಸಿ ಟ್ರೇಲರಿನ ಎತ್ತರ ಅಳೆದು, ಸ್ಟಿಯರಿಂಗ್ ಪಕ್ಕ ಚೀಟಿ ಅಂಟಿಸಿ. ನಾರ್ತ್ ಕ್ಯಾರೊಲೈನಾದ ಡರ್ಹಮ್‌ನಲ್ಲಿ ಒಂದು ರೈಲು ಸೇತುವೆಯ ಕೆಳಗೆ 11 ಅಡಿ 8 ಇಂಚು ಮಾತ್ರ ಜಾಗವಿತ್ತು. ಬಾಡಿಗೆ ಟ್ರಕ್ಕು, ಆರ್‌ವಿಗಳ ಚಾವಣಿ ಡಬ್ಬಿ ಮುಚ್ಚಳದಂತೆ ಸುಲಿದುಹೋಗುವುದಕ್ಕೇ ಅದು ಹೆಸರಾಯಿತು. 2019ರಲ್ಲಿ ಎತ್ತರಿಸಿದ ಮೇಲೂ ಅಲ್ಲಿರುವುದು 12 ಅಡಿ 4 ಇಂಚು. ಬಾಲ್ಟಿಮೋರಿನ ಎರಡು ಸುರಂಗ ರಸ್ತೆಗಳದು ಇನ್ನೊಂದು ಪೇಚು. ಟ್ರೇಲರಿನ ಮಾಮೂಲು 20 ಪೌಂಡಿನ ಪ್ರೊಪೇನ್ (ಗ್ಯಾಸ್) ಸಿಲಿಂಡರ್ ಇದ್ದರೆ ಅಲ್ಲಿ ಪ್ರವೇಶವಿಲ್ಲ. ಮೊದಲು ಕೀ ಬ್ರಿಡ್ಜ್ ಬಳಸಿ ಹೋಗುತ್ತಿದ್ದರು. ಅದು 2024ರ ಮಾರ್ಚ್‌ನಲ್ಲಿ ಕುಸಿದುಬಿದ್ದ ಮೇಲೆ ರಿಂಗ್ ರಸ್ತೆಯ ಪಶ್ಚಿಮ ಭಾಗದಲ್ಲಿ ಸುತ್ತಬೇಕು.

ಬೆಳಿಗ್ಗೆ, ಒಳಗೆ

ಟಯರ್ ತಣ್ಣಗಿರುವಾಗಲೇ ಗಾಳಿ ನೋಡಿ. ಬಿಸಿಲು ಬಿದ್ದ ಮೇಲೆ ಮೀಟರ್ ಹೆಚ್ಚು ತೋರಿಸುತ್ತದೆ. ಎಷ್ಟಿರಬೇಕೆಂಬುದು ಟ್ರೇಲರಿನ ಹೊರಗೋಡೆಯ ಸ್ಟಿಕ್ಕರಿನಲ್ಲಿರುತ್ತದೆ. ಟಯರಿನ ಮೇಲೆ ‘ಡಾಟ್’ (DOT) ಎಂದು ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ: 2321 ಎಂದರೆ 2021ರ 23ನೇ ವಾರದಲ್ಲಿ ತಯಾರಾದದ್ದು. ಐದಾರು ವರ್ಷವಾಗಿದ್ದರೆ, ಗುಳಿ ಸವೆಯದಿದ್ದರೂ ಬದಲಾಯಿಸುವುದೇ ಕ್ಷೇಮ.

ನಾಷ್ಟಾ ಮುಗಿದ ಕೂಡಲೇ ಗೀಸರ್ ಆಫ್. ಚಿತ್ರಾನ್ನ, ಮೊಸರನ್ನ ಮೊದಲೇ ಕಟ್ಟಿಕೊಂಡರೆ ದಾರಿಯಲ್ಲಿ ಫ್ರಿಜ್ ತೆರೆಯುವ ಪ್ರಮೇಯವಿಲ್ಲ. ಫ್ರಿಜ್ಜಿಗೆ ಗ್ಯಾಸ್ ಕೊಡುವ ಪ್ರೊಪೇನ್ ವಾಲ್ವ್ ಮುಚ್ಚಿಕೊಂಡು ಹೊರಟರೂ ಬಾಗಿಲು ತೆರೆಯದ ಫ್ರಿಜ್ ನಾಲ್ಕು ಗಂಟೆ ತಣ್ಣಗೇ ಇರುತ್ತದೆ. ಸಾರಿನ ಪಾತ್ರೆಯನ್ನು ಮಾತ್ರ ಖಾಲಿ ಮಾಡಿಯೇ ಹೊರಡಿ. ಕುಕ್ಕರ್, ಗ್ರೈಂಡರ್, 20 ಪೌಂಡಿನ ಸೋನಾ ಮಸೂರಿ ಚೀಲ ನೆಲದ ಮೇಲೆ, ಗಾಲಿಗಳ ನೇರಕ್ಕೆ ಅಥವಾ ತುಸು ಮುಂದಿರಲಿ. ಭಾರ ಹಿಂಬದಿಗೆ ಹೋದರೆ ಕೊಂಡಿಯ ಮೇಲಿನ ತೂಕ ಇಳಿಯುತ್ತದೆ. ಒಟ್ಟು ತೂಕದ ಶೇ 10ರಿಂದ 15 ಅಲ್ಲಿ ಕೂರದಿದ್ದರೆ ಹೈವೇಯಲ್ಲಿ ಟ್ರೇಲರ್ ಬಾಲ ಆಡಿಸುತ್ತದೆ.

ಟ್ಯಾಂಕ್ ಖಾಲಿ ಮಾಡುವುದು

ಟಾಯ್ಲೆಟ್ಟಿನದು ಬ್ಲ್ಯಾಕ್ ಟ್ಯಾಂಕ್, ಸಿಂಕು-ಸ್ನಾನದ್ದು ಗ್ರೇ ಟ್ಯಾಂಕ್. ಕೈಗವಸು ಹಾಕಿಕೊಂಡು ಪೈಪನ್ನು ಟ್ರೇಲರಿಗೂ ನೆಲದ ಚರಂಡಿ ರಂಧ್ರಕ್ಕೂ ಬಿಗಿದ ಮೇಲೆ ಮೊದಲು ಬ್ಲ್ಯಾಕ್ ವಾಲ್ವ್ ಎಳೆಯಿರಿ. ಸದ್ದು ನಿಂತ ಮೇಲೆ ಅದನ್ನು ಮುಚ್ಚಿ ಗ್ರೇ ತೆರೆಯಿರಿ. ಸೋಪಿನ ನೀರೇ ಪೈಪನ್ನು ತೊಳೆಯುತ್ತದೆ. ತಿರುಗಾಮುರುಗಾ ಮಾಡಿದರೆ ತೊಳೆಯುವ ಕೆಲಸ ನಿಮ್ಮ ಪಾಲಿಗೆ.

ಹೊಸಬರು ತಪ್ಪುವುದು ಇಲ್ಲೇ. ಕ್ಯಾಂಪಿನಲ್ಲಿರುವಷ್ಟು ದಿನವೂ ಬ್ಲ್ಯಾಕ್ ವಾಲ್ವ್ ತೆರೆದೇ ಬಿಡುತ್ತಾರೆ. ನೀರು ಹರಿದುಹೋಗುತ್ತದೆ, ಗಟ್ಟಿಯದು ಪೇಪರ್ ಸಮೇತ ಕಮೋಡಿನ ಕೆಳಗೆ ಗುಡ್ಡೆಯಾಗಿ ಒಣಗುತ್ತದೆ. ಆಮೇಲೆ ಅದನ್ನು ಕರಗಿಸುವುದು ದಿನಗಟ್ಟಲೆಯ ಕೆಲಸ. ವಾಲ್ವ್ ಮುಚ್ಚಿರಲಿ, ಟ್ಯಾಂಕ್ ಮುಕ್ಕಾಲು ತುಂಬಿದಾಗ ಒಮ್ಮೆಲೇ ಬಿಡಿ. ನೀರು ಬಳಸಿ ತೊಳೆದುಕೊಳ್ಳುವ ನಮ್ಮ ಅಭ್ಯಾಸ ಈ ವಿಷಯದಲ್ಲಿ ವರವೇ. ಟ್ಯಾಂಕ್ ಸ್ವಲ್ಪ ಬೇಗ ತುಂಬುತ್ತದೆ, ಅಷ್ಟೆ. ಖಾಲಿಯಾದ ಮೇಲೆ ಕಮೋಡಿನಿಂದ ಎರಡು ಗ್ಯಾಲನ್, ಅಂದರೆ ಏಳೂವರೆ ಲೀಟರ್ ನೀರು, ಜತೆಗೆ ಟ್ಯಾಂಕಿನ ಔಷಧ ಹಾಕಿ.

ಮುಂದಿನ ಜಾಗದಲ್ಲಿ ನಲ್ಲಿ ಇದ್ದರೆ ಕುಡಿಯುವ ನೀರಿನ ಟ್ಯಾಂಕ್ ತುಂಬಿಕೊಂಡು ಹೋಗುವುದು ದಂಡ. 40 ಗ್ಯಾಲನ್ ನೀರೆಂದರೆ 150 ಕಿಲೋ.

ಕರೆಂಟ್ ಕೀಳುವಾಗ ಮೊದಲು ಕಂಬದ ಬ್ರೇಕರ್ ಆಫ್, ಆಮೇಲೆ ಪ್ಲಗ್. ಏಸಿ ಓಡುತ್ತಿರುವಾಗಲೇ ಪ್ಲಗ್ ಎಳೆದರೆ ಕಿಡಿ ಹಾರಿ ಪಿನ್ನು ಸುಡುತ್ತದೆ. ಸ್ಲೈಡ್‌ಔಟ್ (ನಿಲ್ಲಿಸಿದಾಗ ಹೊರಕ್ಕೆ ಚಾಚುವ ಕೋಣೆಯ ಭಾಗ) ಒಳಗೆಳೆಯುವಾಗ ಒಬ್ಬರು ಹೊರಗೆ ನಿಂತು ನೋಡುತ್ತಿರಲಿ.

ಕೊಂಡಿ ಹಾಕುವುದು

ಗಾಲಿಗಳಿಗೆ ಕೊಟ್ಟ ಅಡ್ಡಗಲ್ಲು ಈಗಲೇ ತೆಗೆಯಬೇಡಿ, ಅದು ಕೊನೆಗೆ. ಟ್ರಕ್ಕನ್ನು ಹಿಂದಕ್ಕೆ ತಂದು ಅದರ ಹಿಂದಿರುವ ಕಬ್ಬಿಣದ ಗುಂಡಿನ (ಬಾಲ್) ಮೇಲೆ ಟ್ರೇಲರಿನ ಮೂತಿ ಇಳಿಸಿ, ಚಿಲಕ ಹಾಕಿ, ಪಿನ್ ಚುಚ್ಚಿ. ಕಣ್ಣಿಗೆ ಸರಿ ಕಂಡರೂ ನಂಬಬೇಡಿ. ಜ್ಯಾಕ್ ಒತ್ತಿ ಮೂತಿಯನ್ನು ಎರಡು ಇಂಚು ಮೇಲೆತ್ತಿ: ಟ್ರಕ್ಕಿನ ಹಿಂಭಾಗವೂ ಜತೆಗೇ ಎದ್ದರೆ ಕೊಂಡಿ ಕಚ್ಚಿದೆ, ಏಳದಿದ್ದರೆ ಚಿಲಕ ಬಾಲಿನ ಮೇಲೆ ಸುಮ್ಮನೆ ಕೂತಿದೆ. ಆಮೇಲೆ ತೂಕ ಹಂಚುವ ಕಂಬಿಗಳು. ಸರಪಳಿ ಎರಡನ್ನೂ ಅಡ್ಡಡ್ಡ ಹಾಕಿ. ಕೊಂಡಿ ಕಳಚಿದರೆ ಮೂತಿ ರಸ್ತೆಗೆ ಬಡಿಯದೆ ಆ ತೊಟ್ಟಿಲಲ್ಲಿ ಕೂರುತ್ತದೆ. ಟ್ರೇಲರ್ ಕಳಚಿಕೊಂಡರೆ ತಾನಾಗಿ ಬ್ರೇಕ್ ಹಿಡಿಸುವ ಸಣ್ಣ ತಂತಿಯನ್ನು ಸರಪಳಿಗಲ್ಲ, ಬೇರೆಯಾಗಿ ಟ್ರಕ್ಕಿಗೇ ಕಟ್ಟಿ. ಏಳು ಪಿನ್ನಿನ ವೈರ್ ಸೇರಿಸಿ, ಜ್ಯಾಕ್ ಪೂರ್ತಿ ಎತ್ತಿ, ಒಬ್ಬರು ಬ್ರೇಕ್ ತುಳಿಯುವಾಗ ಇನ್ನೊಬ್ಬರು ಹಿಂದೆ ನಿಂತು ದೀಪ ನೋಡಿ. ಈಗ ಅಡ್ಡಗಲ್ಲು ತೆಗೆಯಿರಿ.

ದಾರಿಯಲ್ಲಿ

ಗೇಟು ದಾಟುವ ಮುನ್ನ ನಿಧಾನವಾಗಿ ಚಲಿಸುತ್ತ ಡ್ರೈವರ್ ಬಳಿಯಿರುವ ಟ್ರೇಲರ್ ಬ್ರೇಕಿನ ಕೈಗುಂಡಿ ಒತ್ತಿ ನೋಡಿ. ಹಿಂದಿನಿಂದ ಜಗ್ಗಿದ ಹಾಗಾಗಬೇಕು. ಟ್ರೇಲರ್ ಟಯರುಗಳಲ್ಲಿ ಎಷ್ಟೋ 65 ಮೈಲಿ ವೇಗಕ್ಕೆ ತಯಾರಾದವು, 60 ಸಾಕು. ಬಾಲ ಆಡಿಸತೊಡಗಿದರೆ ಟ್ರಕ್ಕಿನ ಬ್ರೇಕ್ ತುಳಿಯಬೇಡಿ. ಆಕ್ಸಿಲರೇಟರಿನಿಂದ ಕಾಲು ತೆಗೆದು ಆ ಕೈಗುಂಡಿಯನ್ನಷ್ಟೇ ಒತ್ತಿ. ಮೊದಲ 50 ಮೈಲಿಯೊಳಗೆ ಒಮ್ಮೆ ನಿಂತು ಟಯರ್, ಗಾಲಿಯ ನಡುವಿನ ಹಬ್ ಮುಟ್ಟಿ ನೋಡಿ. ಒಂದು ಮಾತ್ರ ಉಳಿದವಕ್ಕಿಂತ ಸುಡುತ್ತಿದ್ದರೆ ಬೇರಿಂಗೋ ಬ್ರೇಕೋ ಕೈಕೊಡುತ್ತಿದೆ.

ತಲುಪಿದ ಮೇಲೆ

ರಿವರ್ಸ್ ತೆಗೆಯುವಾಗ ಸ್ಟಿಯರಿಂಗನ್ನು ಕೆಳಗಡೆ ಹಿಡಿಯಿರಿ. ಕೈ ಬಲಕ್ಕೆ ಸರಿದರೆ ಟ್ರೇಲರಿನ ಹಿಂಭಾಗವೂ ಬಲಕ್ಕೆ. ದಾರಿ ತೋರಿಸುವವರು ಕನ್ನಡಿಯಲ್ಲಿ ಕಾಣುವಂತೆ ನಿಲ್ಲಬೇಕು. ಕಾಣದಾದರೆ ತಕ್ಷಣ ನಿಲ್ಲಿಸಿ. ‘ಈ ಕಡೆ, ಆ ಕಡೆ’ ಬೇಡ, ‘ಡ್ರೈವರ್ ಬದಿ, ಪ್ಯಾಸೆಂಜರ್ ಬದಿ’ ಎನ್ನಿ. ‘ರೈಟ್’ ಎಂಬ ಮಾತನ್ನಂತೂ ಆಡಲೇಬೇಡಿ. ಬಸ್ ಕಂಡಕ್ಟರ ಸೀಟಿ ಕೇಳಿ ಬೆಳೆದವರಿಗೆ ಅದು ‘ಬಲಕ್ಕೆ’ ಅಲ್ಲ, ‘ಹೊರಡಿ’.

ಪಕ್ಕದಿಂದ ಪಕ್ಕಕ್ಕೆ ಮಟ್ಟ ನೋಡಿ ಗಾಲಿ ಕೆಳಗೆ ಹಲಗೆ ಕೊಡುವುದು ಕೊಂಡಿ ಬಿಚ್ಚುವ ಮುನ್ನ. ಮುಂದೆ-ಹಿಂದೆ ಮಟ್ಟ ಮಾಡುವುದು ಬಿಚ್ಚಿದ ಮೇಲೆ, ಜ್ಯಾಕಿನಿಂದ. ಅಡ್ಡಗಲ್ಲು ಕೊಡದೆ ಬಿಚ್ಚಿದರೆ ಟ್ರೇಲರ್ ಉರುಳುತ್ತದೆ. ನಲ್ಲಿಗೆ ಮೊದಲು ಒತ್ತಡ ತಗ್ಗಿಸುವ ರೆಗ್ಯುಲೇಟರ್, ಆಮೇಲೆ ಕುಡಿಯುವ ನೀರಿನ ಬಿಳಿ ಪೈಪ್. ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಹೋಗಿ ನೀರು ಒಂದೇ ಧಾರೆಯಾಗುವ ತನಕ ಗೀಸರ್ ಹಾಕಬೇಡಿ. ಒಣ ಗೀಸರಿನ ಕಾಯಿಲ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಕೇಂದ್ರ ಸರ್ಕಾರದ ಕ್ಯಾಂಪ್‌ಗ್ರೌಂಡಿನಲ್ಲಿ ಹಣ ಕಟ್ಟುವ ಮುನ್ನ ಸೀನಿಯರ್ ಪಾಸ್ ತೋರಿಸಿ. 62 ತುಂಬಿದ ನಾಗರಿಕರಿಗೂ ಗ್ರೀನ್ ಕಾರ್ಡ್ ಇದ್ದವರಿಗೂ 80 ಡಾಲರಿಗೆ ಜೀವನಪರ್ಯಂತ ಸಿಗುವ ಈ ಪಾಸಿಗೆ ಹಲವು ಕಡೆ ಬಾಡಿಗೆ ಅರ್ಧಕ್ಕೆ ಇಳಿಯುತ್ತದೆ. ವಿಸಿಟರ್ ವೀಸಾದಲ್ಲಿ ಬಂದ ಅಪ್ಪ-ಅಮ್ಮನಿಗೆ ಅದು ಸಿಗುವುದಿಲ್ಲ.

ಕಾಫಿಗೆ ಹಾಲು ತೆಗೆಯಲು ಫ್ರಿಜ್ ತೆರೆಯುವಾಗ ಒಂದು ಕೈ ಬಾಗಿಲ ಕೆಳಗೆ ಒಡ್ಡಿರಿ. ಮೊಸರಿನ ಡಬ್ಬಿ ಬಾಗಿಲಿಗೆ ಒರಗಿಕೊಂಡು ಕಾಯುತ್ತಿರುತ್ತದೆ.