ವೈಫೈ ಬರದ ಐದು ಲ್ಯಾಪ್‌ಟಾಪುಗಳು

2019ರ ದಸರಾ ರಜೆಯಲ್ಲಿ ನಮ್ಮೂರ ಹೈಸ್ಕೂಲಿಗೆ ಏಳು ಹಳೆ ಲ್ಯಾಪ್‌ಟಾಪುಗಳನ್ನು ಸಜ್ಜು ಮಾಡಿಕೊಡುತ್ತೇನೆ ಎಂದು ಒಪ್ಪಿಕೊಂಡೆ. ಬೆಂಗಳೂರಿನ ಗೆಳೆಯರು ಹೊಸದು ಕೊಂಡ ಮೇಲೆ ಅಟ್ಟಕ್ಕೆ ಹಾಕಿದ್ದವು ಅವು. ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ 10ನೇ ಆವೃತ್ತಿ ಆ ಜುಲೈನಲ್ಲಷ್ಟೇ ಬಂದಿತ್ತು. ಪೆನ್‌ಡ್ರೈವಿಗೆ ಹಾಕಿಕೊಂಡು ಹೋದೆ. ಒಂದು ದಿನದ ಕೆಲಸ ಎಂದುಕೊಂಡಿದ್ದೆ.

ಎರಡು ಲ್ಯಾಪ್‌ಟಾಪು ತಕರಾರಿಲ್ಲದೆ ಎದ್ದು ಕೂತವು. ಉಳಿದ ಐದರಲ್ಲಿ ಇನ್‌ಸ್ಟಾಲರ್ ನಡುವೆ ನಿಂತು, ಈ ವೈಫೈ ಕಾರ್ಡಿಗೆ ನಾನ್-ಫ್ರೀ ಫರ್ಮ್‌ವೇರ್ ಬೇಕು, ಪೆನ್‌ಡ್ರೈವಿನಲ್ಲಿ ಇದ್ದರೆ ಕೊಡು ಎಂದಿತು. ಫರ್ಮ್‌ವೇರ್ ಅಂದರೆ ಕಾರ್ಡಿನ ಚಿಪ್ಪನ್ನು ಓಡಿಸುವ ಪುಟ್ಟ ಪ್ರೋಗ್ರಾಮು. ಅದು ಇರುವುದು ಇಂಟರ್ನೆಟ್ಟಿನಲ್ಲಿ. ಇಂಟರ್ನೆಟ್ಟಿಗೆ ವೈಫೈ ಬೇಕು. ವೈಫೈಗೆ ಫರ್ಮ್‌ವೇರ್ ಬೇಕು. ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದ ಹಾಗೆ. ಕೊನೆಗೆ ನನ್ನ ಫೋನನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ಸಿಕ್ಕಿಸಿ, ಟೆದರಿಂಗ್ ಹಾಕಿ, ಒಂದೊಂದಕ್ಕೂ ಇಳಿಸಿಕೊಂಡೆ.

ಎಚ್ಚೆಮ್ ಮೇಡಂ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. "ಏನಪ್ಪಾ, ಅದಕ್ಕೆ ದುಡ್ಡು ಕೊಡಬೇಕಾ?"

"ಇಲ್ಲ ಮೇಡಂ, ಬಿಟ್ಟಿನೇ."

"ಬಿಟ್ಟಿ ಅಂದಮೇಲೆ ಮೊದಲೇ ಅದರೊಳಗೆ ಹಾಕಿ ಕೊಡೋಕೆ ಏನು ಕಷ್ಟ ಅವರಿಗೆ?"

ಸರಿಯಾದ ಜಾಗಕ್ಕೇ ಕೈ ಹಾಕಿದ್ದರು. ನಮ್ಮ ಭಾಷೆಯಲ್ಲಿ ಬಿಟ್ಟಿ ಬೇರೆ, ಮುಕ್ತ ಬೇರೆ. ಹಾಗಾಗಿ ಹೇಳುವುದು ಸುಲಭ. ಡೆಬಿಯನ್‌ಗೆ ಮಾಲೀಕರಿಲ್ಲ. ಬೇರೆ ಬೇರೆ ದೇಶಗಳಲ್ಲಿ ಕೂತು ಕೆಲಸ ಮಾಡುವ ಸದಸ್ಯರು ವೋಟು ಹಾಕಿ ದೊಡ್ಡ ವಿಷಯ ತೀರ್ಮಾನಿಸುತ್ತಾರೆ. 1997ರಲ್ಲೇ ಅವರು ಬಳಕೆದಾರರಿಗೆ ಒಂದು ಮಾತು ಕೊಟ್ಟಿದ್ದಾರೆ: ಡೆಬಿಯನ್ ಪೂರ್ತಿ ಮುಕ್ತವಾಗಿರುತ್ತದೆ. ಅಂದರೆ ಯಾರು ಬೇಕಾದರೂ ಬಳಸಬಹುದು, ಮೂಲ ಕೋಡ್ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಹಾಗಿರುವುದೆಲ್ಲ 'ಮೇನ್' ಎಂಬ ಪೆಟ್ಟಿಗೆಗೆ. ಹಂಚಲು ಅನುಮತಿ ಇದೆ ಆದರೆ ತಿದ್ದಲು ಇಲ್ಲ ಎಂಬಂಥದ್ದು 'ನಾನ್-ಫ್ರೀ' ಪೆಟ್ಟಿಗೆಗೆ. ತಾನು ಮುಕ್ತ, ಆದರೆ ಕೆಲಸ ಮಾಡಲು ಮುಕ್ತವಲ್ಲದ್ದನ್ನು ನಂಬಿಕೊಂಡಿದೆ ಎನ್ನುವುದು 'ಕಾಂಟ್ರಿಬ್'ಗೆ. ನಮ್ಮ ಐದು ಕಾರ್ಡುಗಳ ಫರ್ಮ್‌ವೇರ್ ಎರಡನೆಯ ಪೆಟ್ಟಿಗೆಯದು. ಬಿಟ್ಟಿ, ಆದರೆ ಮುಕ್ತ ಅಲ್ಲ.

ಕನ್ನಡದ ಮಟ್ಟಿಗೆ ಈ ರಗಳೆ ಇರಲಿಲ್ಲ. ಲೋಹಿತ್, ಗುಬ್ಬಿ, ನವಿಲು ಮೂರೂ ಫಾಂಟುಗಳು ಮುಕ್ತ ಲೈಸೆನ್ಸಿನವು, ಮೇನ್ ಪೆಟ್ಟಿಗೆಯಲ್ಲೇ ಇವೆ. ಒಂದೇ ಕಮಾಂಡಿಗೆ ಮೂರೂ ಬಂದವು. ಮೇಷ್ಟ್ರೊಬ್ಬರು ಪೆನ್‌ಡ್ರೈವಿನಲ್ಲಿ ತಂದಿದ್ದ ನೂರಾರು ಫಾಂಟುಗಳ ರಾಶಿಯನ್ನು ಹಾಕಲಿಲ್ಲ. ಅದರಲ್ಲಿ ಯಾವುದಕ್ಕೂ ಲೈಸೆನ್ಸ್ ಫೈಲೇ ಇರಲಿಲ್ಲ. ಅವರಿಗೆ ಸ್ವಲ್ಪ ಬೇಜಾರಾಯಿತು.

ನಾನು ಆಗ ಮಡಿವಂತ. ತಲೆ ಎಣಿಸಿದಂತೆ, ಯಾವ ಯಂತ್ರದಲ್ಲಿ ಎಷ್ಟು ಮುಕ್ತವಲ್ಲದ ಪ್ಯಾಕೇಜು ಇವೆ ಎಂದು ಪಟ್ಟಿ ಕೊಡುವ ಪ್ರೋಗ್ರಾಮೊಂದಿದೆ. ಆಗ ಅದರ ಹೆಸರು ವಿಆರ್‌ಎಂಎಸ್, ಅಂದರೆ ವರ್ಚುವಲ್ ರಿಚರ್ಡ್ ಸ್ಟಾಲ್ಮನ್. ಮುಕ್ತ ಸಾಫ್ಟ್‌ವೇರ್ ಚಳವಳಿ ಶುರುಮಾಡಿದವರ ಹೆಸರು ಅದು. ಮೊದಲ ಎರಡರಲ್ಲಿ ಪಟ್ಟಿ ಖಾಲಿ ಬಂದಾಗ ನನಗೊಂದು ಖುಷಿ. ಐದರಲ್ಲಿ ಒಂದೊಂದು ಹೆಸರು ಕಂಡಾಗ ಮೈಲಿಗೆ ಆದ ಭಾವ. ಈಗ ನೆನೆದರೆ ನಗು ಬರುತ್ತದೆ.

ಯಾಕೆಂದರೆ ಆ ಎರಡೂ ಶುದ್ಧವಲ್ಲ ಎಂದು ಆಮೇಲೆ ಹೊಳೆಯಿತು. ಅವುಗಳ ಪ್ರೊಸೆಸರಿನೊಳಗೆ ಕಾರ್ಖಾನೆಯಲ್ಲೇ ತುಂಬಿ ಕಳಿಸಿದ ಮೈಕ್ರೋಕೋಡ್, ಅಂದರೆ ಪ್ರೊಸೆಸರನ್ನು ಒಳಗಿಂದ ನಡೆಸುವ ಕೋಡ್, ಇದೆ. ಅದೂ ಮುಕ್ತವಲ್ಲ. ಆನ್ ಮಾಡಿದ ಕೂಡಲೇ ಯಂತ್ರವನ್ನು ಎಬ್ಬಿಸುವ ಬಯೋಸ್ ಮುಕ್ತವಲ್ಲ. ಹಾರ್ಡ್‌ಡಿಸ್ಕಿನ ಒಳಗೂ ಫರ್ಮ್‌ವೇರ್ ಇದೆ. ಚಿಪ್ಪಿನಲ್ಲೇ ಕೂತಿರುವುದರಿಂದ ಲೈಸೆನ್ಸ್ ಯಾರೂ ಕೇಳುವುದಿಲ್ಲ, ಅಷ್ಟೇ. ಅದೇ ಥರದ ಕೋಡು ಡಿಸ್ಕಿನಲ್ಲಿ ಕೂತು, ಪ್ರತಿ ಸಲ ಆನ್ ಮಾಡಿದಾಗ ಚಿಪ್ಪಿಗೆ ಹೋದರೆ ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ. ಮಜಾ ಎಂದರೆ, 2018ರ ಜನವರಿಯಲ್ಲಿ ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷ ಬಯಲಾದಾಗ ತೇಪೆಯ ಒಂದು ಭಾಗ ಬಂದದ್ದೇ ಮೈಕ್ರೋಕೋಡ್ ಅಪ್‌ಡೇಟಿನ ರೂಪದಲ್ಲಿ. ಅದು ಇದ್ದದ್ದು ನಾನ್-ಫ್ರೀ ಪೆಟ್ಟಿಗೆಯಲ್ಲಿ. ಮಡಿ ಮಾಡಿ ಅದನ್ನು ಬಿಟ್ಟರೆ ಉಳಿಯುವುದು ಅಷ್ಟೇ ಅಮುಕ್ತವಾದ, ಆದರೆ ತೂತು ಬಿದ್ದ ಹಳೆ ಮೈಕ್ರೋಕೋಡ್. ಇದು ಗೊತ್ತಾದ ದಿನ ಏಳಕ್ಕೂ ಅಪ್‌ಡೇಟ್ ಹಾಕಿದೆ.

ನನ್ನ ಗೆರೆ ಅಲ್ಲಿಗೆ ಬಂತು: ಯಂತ್ರ ಓಡಲು ಬೇಕಾದ ಫರ್ಮ್‌ವೇರಿಗೆ ಒಪ್ಪಿಗೆ, ಅದೂ ಡೆಬಿಯನ್ ಪೆಟ್ಟಿಗೆಯಿಂದಲೇ ಬರಬೇಕು. ಹೊರಗಿನಿಂದ ತಂದದ್ದು ಬೇಡ.

ಆ ಗೆರೆಯನ್ನೂ ದಾಟಿದೆ. ಶಾಲೆಯ ಪ್ರಿಂಟರಿಗೆ ತಯಾರಕರ ಸೈಟಿನಿಂದಲೇ ಇಳಿಸಬೇಕಾದ ಒಂದು ಪ್ಲಗಿನ್, ಅಂದರೆ ಡ್ರೈವರಿಗೆ ಸೇರಿಸುವ, ಮೂಲ ಕೋಡ್ ತೋರಿಸದ ತುಂಡು ಪ್ರೋಗ್ರಾಮು ಬೇಕಿತ್ತು. ಡೆಬಿಯನ್ ಅದನ್ನು ಹಂಚುವುದಿಲ್ಲ. ಬೇಡ ಎಂದೆ. ಸೋಮವಾರ ಕಿರುಪರೀಕ್ಷೆ, ಪ್ರಶ್ನೆಪತ್ರಿಕೆ ಯಾರು ಬರೀತಾರೆ ಕೈಯಲ್ಲಿ ಎಂದರು ಮೇಡಂ. ಶನಿವಾರ ಸಂಜೆ ಹಾಕಿಕೊಟ್ಟೆ.

2021ರಲ್ಲಿ ಡೆಬಿಯನ್ 11ಕ್ಕೆ ಏರಿಸಿದಾಗ ಪ್ರಿಂಟರ್ ಡ್ರೈವರಿನ ಆವೃತ್ತಿ ಬದಲಾಯಿತು. ಪ್ಲಗಿನ್ ಹಳೆಯದೇ ಉಳಿಯಿತು. ಎರಡರ ಆವೃತ್ತಿ ಹೊಂದಲೇಬೇಕು, ಇಲ್ಲದಿದ್ದರೆ ಪ್ರಿಂಟ್ ಇಲ್ಲ. ನಾನು ಬೆಂಗಳೂರಿನಲ್ಲಿ, ಅವರು ಊರಲ್ಲಿ. ಹತ್ತು ದಿನ ಪೇಟೆಯ ಜೆರಾಕ್ಸ್ ಅಂಗಡಿಗೆ ಓಡಾಡಿದರು. ವೈಫೈ ಫರ್ಮ್‌ವೇರಿಗೆ ಈ ಗತಿ ಬರಲಿಲ್ಲ. ಅದೂ ಅಮುಕ್ತವೇ, ಆದರೆ ಡೆಬಿಯನ್ನಿನವರ ಕೈಯಲ್ಲಿತ್ತು, ಮಿಕ್ಕಿದ್ದರ ಜೊತೆಗೇ ಏರಿತು. ಅಮುಕ್ತದಲ್ಲೂ ಇಷ್ಟು ವ್ಯತ್ಯಾಸ ಇದೆ ಎಂದು ನನಗೆ ಕಲಿಸಿದ್ದು ಆ ಪ್ರಿಂಟರ್.

2022ರಲ್ಲಿ ಡೆಬಿಯನ್ ಸದಸ್ಯರು ಇದೇ ವಿಷಯಕ್ಕೆ ವೋಟು ಹಾಕಿದರು. ಫರ್ಮ್‌ವೇರ್ ಸೇರಿಸಿದ ಇನ್‌ಸ್ಟಾಲರ್ ಮೊದಲೂ ಇತ್ತು, ಆದರೆ ಅನಧಿಕೃತ ಎಂಬ ಹಣೆಪಟ್ಟಿ ಹಚ್ಚಿ ಮೂಲೆಯಲ್ಲಿ ಇಟ್ಟಿದ್ದರು. ಅದು ನನಗೇ ಗೊತ್ತಿರಲಿಲ್ಲ ನೋಡಿ. ಚರ್ಚೆಯಲ್ಲಿ ನನಗೆ ನಾಟಿದ ವಾದ ಒಂದೇ: ಕಣ್ಣು ಕಾಣದವರು ಇನ್‌ಸ್ಟಾಲರನ್ನು ಕೇಳಿಸಿಕೊಂಡು ಬಳಸುತ್ತಾರೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಸೌಂಡ್ ಚಿಪ್ಪಿಗೇ ಫರ್ಮ್‌ವೇರ್ ಬೇಕು. ಅದು ಇಲ್ಲದಿದ್ದರೆ ಅವರಿಗೆ ಮೊದಲ ಪರದೆಯೇ ಮೌನ. ಮಾತು ಕೊಟ್ಟದ್ದು ಇವರಿಗೂ ಅಲ್ವಾ?

ಕೊನೆಗೆ 1997ರಲ್ಲಿ ಆ ಮಾತು ಕೊಟ್ಟ ಒಪ್ಪಂದವನ್ನೇ ತಿದ್ದಿದರು. 2023ರ ಜೂನ್ 10ರಂದು ಬಂದ ಡೆಬಿಯನ್ 12ರಲ್ಲಿ ಫರ್ಮ್‌ವೇರಿಗೆಂದೇ ನಾಲ್ಕನೆಯ ಪೆಟ್ಟಿಗೆ ಇದೆ. ಬೇಕಾದದ್ದನ್ನು ಇನ್‌ಸ್ಟಾಲರೇ ಗುರುತಿಸಿ ಹಾಕುತ್ತದೆ. ಬೇಡ ಎನ್ನುವವರು ಶುರುವಿನಲ್ಲೇ ಅದನ್ನು ಆಫ್ ಮಾಡಬಹುದು. ಉಳಿದ ನಾನ್-ಫ್ರೀ ಸರಕಿನ ಬಾಗಿಲು ತೆರೆಯದೆ ಫರ್ಮ್‌ವೇರ್ ಒಂದನ್ನೇ ತರಬಹುದು ಎನ್ನುವುದೇ ನನಗೆ ಬಲು ಹಿಡಿಸಿತು.

ಆದರೂ ಎಡವಿದೆ. 11ರಿಂದ 12ಕ್ಕೆ ಏರಿಸುವಾಗ ಯಾವ ಪೆಟ್ಟಿಗೆಗಳಿಂದ ತರಬೇಕು ಎಂದು ಬರೆದಿಡುವ ಸೋರ್ಸಸ್ ಲಿಸ್ಟ್ ಫೈಲಿನಲ್ಲಿ ಈ ಹೊಸ ಪೆಟ್ಟಿಗೆಯ ಹೆಸರನ್ನು ನಾವೇ ಸೇರಿಸಬೇಕು. ಪ್ಯಾಕೇಜು ಇಳಿಸಿ ಹಾಕುವ ಆ್ಯಪ್ಟ್ ಎಂಬ ಪ್ರೋಗ್ರಾಮು ಒಂದು ಸಾಲಿನ ಸೂಚನೆಯನ್ನೂ ಕೊಡುತ್ತದೆ. ಸುಮ್ನೆ ಓದದೆ ದಾಟಿಸಿದೆ. ಹಳೆ ಫರ್ಮ್‌ವೇರ್ ಉಳಿದಿದ್ದರಿಂದ ವೈಫೈ ಬರುತ್ತಲೇ ಇತ್ತು, ಯಾರಿಗೂ ಗೊತ್ತಾಗಲಿಲ್ಲ. ಏಳೂ ಲ್ಯಾಪ್‌ಟಾಪುಗಳ ಮೈಕ್ರೋಕೋಡ್ ತಿಂಗಳುಗಟ್ಟಲೆ ಅಪ್‌ಡೇಟ್ ಇಲ್ಲದೆ ನಿಂತಿತ್ತು. ನೀವೂ ಹಾಗೆ ಏರಿಸಿದ್ದರೆ ಒಮ್ಮೆ ಆ ಫೈಲು ತೆಗೆದು ನೋಡಿ.

ಹೋದ ವರ್ಷ ಶಾಲೆಗೆ ಹೊಸ ಪ್ರಿಂಟರ್ ಬಂತು. ಕೊಳ್ಳುವ ಮೊದಲು ಮೇಡಂ ಅಂಗಡಿಯಿಂದಲೇ ಫೋನ್ ಮಾಡಿದ್ದರು. "ನೋಡಪ್ಪ, ಮಾಡೆಲ್ ನಂಬರು ಓದ್ತೀನಿ. ಆ ಹಾಳು ಪ್ಲಗಿನ್ ಬೇಕಾಗತ್ತಾ ಇದಕ್ಕೆ?"